ಪೆನ್ಸಿಲಿನ ಕೊನೆಯ ಅಧ್ಯಾಯ

ಮಾರ್ಚ್ ೧೧, ಸೋಮವಾರ

ಪ್ರೀತಿಯ ತಂಗಿಗೆ, ಅಕ್ಕನ ನೆನಪುಗಳು.

ನಿನ್ನ ಪೆಟ್ಟಿಗೆ ಬಂದು ತಿಂಗಳಾಯಿತು. ತಲುಪಿತೆಂದು ಒಂದು ಸಾಲೂ ಗೀಚಲಿಲ್ಲವೆಂದು ನೀನು ಮುಖ ಊದಿಸಿಕೊಂಡಿರುತ್ತೀ, ಗೊತ್ತು. ಶಾಲೆಯ ಸಮವಸ್ತ್ರದ ಕೆಲಸ ತಲೆಯ ಮೇಲಿತ್ತು. ನೂರಾ ನಲವತ್ತು ಅಂಗಿ, ಅಷ್ಟಕ್ಕೂ ಗುಂಡಿಯ ಕಾಜ ಹೊಲಿಯಲು ನಾನೊಬ್ಬಳೇ. ಇದು ಅರ್ಧ ನಿಜ. ಉಳಿದರ್ಧ ಆಮೇಲೆ ಹೇಳುತ್ತೇನೆ.

ಮನೆ ಬದಲಾಯಿಸುವಾಗ ಹಳೆಯ ಪುಸ್ತಕಗಳನ್ನು ನನಗೆ ಸಾಗಹಾಕಿದೆಯಲ್ಲ, ಒಳ್ಳೆಯದೇ ಆಯಿತು. ಎಲ್ಲಕ್ಕಿಂತ ಮೇಲೆ ನಮ್ಮ ಮೆಚ್ಚಿನ ಲೇಖಕಿಯ ಕಾದಂಬರಿ, ಟಿಕೆಟ್ ಕೌಂಟರಿನ ಹುಡುಗಿಯದು! ಮೂರು ಸಲ ನಿನ್ನಿಂದ ಓದಿಸಿಕೊಂಡ ಪುಸ್ತಕ. ನಾನು ಮೆಷಿನ್ ತುಳಿಯುತ್ತಿದ್ದೆ, ನೀನು ಬಟ್ಟೆಯ ರಾಶಿಯ ಮೇಲೆ ಕಾಲು ಚಾಚಿ ಓದುತ್ತಿದ್ದೆ. ನಾನು ಕೈಚಾಚಿದರೆ, "ಮುಟ್ಬೇಡ, ಮೆಷಿನ್ ಎಣ್ಣೆ ಹತ್ತುತ್ತೆ" ಎಂದು ನೀನು ಗದರಿಸುತ್ತಿದ್ದೆ. ಕಥಾನಾಯಕ ಕೌಂಟರಿನ ಕಿಂಡಿಗೆ ಬಗ್ಗಿ, "ಒಂದು ವರ್ಷ ಕಾಯ್ತೀಯಾ?" ಎಂದು ಅವಳನ್ನು ಕೇಳಿದಾಗ ನಾನು ಕಾಲರನ್ನು ತಿರುಗಾಮುರುಗಾ ಹೊಲಿದಿದ್ದೆ. "ಅವನು ಕೇಳಿದ್ದು ಅವಳನ್ನ, ನೀನ್ಯಾಕೆ ಅಕ್ಕಾ ಕೆಂಪಾದೆ?" ಎಂದು ನೀನು ಬಿದ್ದು ಬಿದ್ದು ನಕ್ಕಿದ್ದೆ. ಉದ್ದತೋಳಿನವನು ನನ್ನನ್ನೂ ಅದೇ ಮಾತು ಕೇಳಿ, ದೂರದ ಕೆಲಸಕ್ಕೆ ಹೋಗಿ ಆಗ ಎಂಟು ತಿಂಗಳಾಗಿತ್ತು. ಅವನ ಅಂಗಿಗೆ ತೋಳು ಎರಡಿಂಚು ಹೆಚ್ಚು ಬೇಕೆಂದು ಆ ಹೆಸರಿಟ್ಟವಳೂ ನೀನೇ.

ಈಗ ಓದಿ ಹೇಳುವವರಿಲ್ಲ, ನಾನೇ ಓದಿಕೊಂಡೆ. ಊಟದ ಬಿಡುವಿನಲ್ಲಿ ದಿನಕ್ಕೊಂದು ಅಧ್ಯಾಯ. ಕೋಣೆ ಎಷ್ಟು ನಿಶ್ಶಬ್ದವೆಂದರೆ ಎದುರಿನ ಬೀಗದವನು ಕೀಲಿಗೆ ಅರ ಉಜ್ಜುವುದು ಮಹಡಿಯವರೆಗೂ ಕೇಳುತ್ತದೆ. ನಗುವ ಜಾಗ ಬಂದಾಗೆಲ್ಲ ತಲೆಯೆತ್ತಿ ನಿನ್ನನ್ನು ಹುಡುಕುತ್ತಿದ್ದೆ. ಬಟ್ಟೆಯ ರಾಶಿ ಮಾತ್ರ ಇರುತ್ತಿತ್ತು. ಒಂದು ದಿನ ಇಸ್ತ್ರಿಯವನು ಮೇಲೆ ಬಂದು, "ಯಾರ ಜೊತೆ ಮಾತಾಡ್ತಿದ್ರಿ ಅಕ್ಕಾ?" ಎಂದ.

"ಪುಸ್ತಕದ ಜೊತೆ ಕಣಪ್ಪಾ."

"ಒಳ್ಳೇದೇ ಬಿಡಿ, ಅದು ಎದುರು ಮಾತಾಡಲ್ಲ."

ಮಾತಾಡಿತು ಕಣೇ. ಕೊನೆಯ ಅಧ್ಯಾಯದಲ್ಲಿ ಅವನು ಬರುವುದೇ ಇಲ್ಲ! ನೀನು ಓದಿದ್ದರಲ್ಲಿ ಏಳು ವರ್ಷದ ಮೇಲೆ ಅದೇ ಕಿಂಡಿಗೆ ಬಂದು, "ನೀನಿರೋ ಊರಿಗೆ ಒಂದು ಟಿಕೆಟ್ ಕೊಡು" ಅನ್ನುತ್ತಾನೆ. ಅಚ್ಚಿನಲ್ಲಿ ಅವಳು ಎರಡು ವರ್ಷ ಕಾದು, ಬೇರೆ ಊರಿಗೆ ವರ್ಗ ಕೇಳಿಕೊಂಡು, ತನಗೇ ಒಂದು ಟಿಕೆಟ್ ಹರಿದುಕೊಂಡು ಹೊರಟುಬಿಡುತ್ತಾಳೆ. ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ನಿನ್ನ ಇರುವೆಯಂಥ ಅಕ್ಷರ. ಅವನು ವಾಪಸು ಬರುವ ಕಥೆಯನ್ನು ನೀನೇ ಕಟ್ಟಿ, ಓದುವಾಗ ತಡವರಿಸಬಾರದೆಂದು ಅಷ್ಟೂ ಮೊದಲೇ ಬರೆದಿಟ್ಟುಕೊಂಡಿದ್ದೀ. ಹದಿನೇಳರ ಹುಡುಗಿ! ಮೊದಲು ನಗು ಬಂತು, ಆಮೇಲೆ ಸಿಟ್ಟು. ಆ ಏಳು ವರ್ಷವನ್ನು ನಂಬಿ ನಾನು ಎಷ್ಟು ಸಂಬಂಧಗಳನ್ನು ಬಾಗಿಲಿನಿಂದಲೇ ವಾಪಸು ಕಳಿಸಿದೆನೆಂದು ನಿನಗೆ ಗೊತ್ತಲ್ಲವೇ?

ಇರಲಿ. ನಿನ್ನ ಮನೆಯವರ ತೋಳಿನ ಅಳತೆ ಬರೆದು ಕಳಿಸು. ಬೀರುವಿನಲ್ಲಿ ಒಂದು ಹೊಸ ಅಂಗಿ ಹಾಗೆಯೇ ಉಳಿದಿದೆ, ಎರಡಿಂಚು ತೆಗೆದರೆ ಅವರಿಗಾದೀತು. ಮಕ್ಕಳಿಗೆ ಮುತ್ತು. ಹೊಸ ಮನೆಯಲ್ಲಿ ಎಲ್ಲರೂ ನೂರ್ಕಾಲ ತಣ್ಣಗಿರಿ.

ಇತಿ,
ನಿನ್ನ ಅಕ್ಕ

ತಾ.ಕ.: ಮರೆತಿದ್ದೆ ಎಂದು ಬರೆಯಹೊರಟೆ, ಮರೆತಿರಲಿಲ್ಲ. ಆಮೇಲೆ ಹೇಳುತ್ತೇನೆಂದ ಉಳಿದರ್ಧ ಇದು. ಪುಸ್ತಕದ ಕಂದು ಹೊದಿಕೆ ಹರಿದಿತ್ತು, ಹೊಸದು ಹಾಕೋಣವೆಂದು ಬಿಚ್ಚಿದೆ. ಒಳಗೆ ಉದ್ದತೋಳಿನವನ ಕಾರ್ಡು, ನನ್ನ ಹೆಸರಿಗೆ. "ಇಲ್ಲಿ ಮದುವೆ ನಿಶ್ಚಯವಾಗಿದೆ. ನನಗಾಗಿ ಕಾಯಬೇಡ, ಕ್ಷಮಿಸು." ನೀನು ಮೊದಲ ಸಲ ಆ ಅಧ್ಯಾಯ ಓದಿದ ವಾರದ್ದೇ ಅಂಚೆಮುದ್ರೆ. ಪುಸ್ತಕ ಕಳಿಸುವಾಗ ಇದನ್ನು ಮರೆತಿದ್ದೆಯೋ, ಬೇಕೆಂದೇ ಕಳಿಸಿದೆಯೋ? ನನ್ನ ಕಣ್ಣೀರು ನೋಡಲಾರದೆ ಬಚ್ಚಿಟ್ಟೆ, ಅಷ್ಟು ಅರ್ಥವಾಗುತ್ತದೆ. ಆದರೆ ಒಂದು ಸಾಲೂ ಬರೆಯದೆ ಹೋದನಲ್ಲ ಎಂದು ಇಪ್ಪತ್ತೆರಡು ವರ್ಷ ಕೊರಗಿದೆ. ಬರೆದಿದ್ದ ಕಣೇ. ಆಗಲೇ ಕೈಗೆ ಸಿಕ್ಕಿದ್ದರೆ ಒಂದು ತಿಂಗಳು ಅತ್ತು ಎದ್ದುಬಿಡುತ್ತಿದ್ದೆ.

ಒಮ್ಮೆ ಬಾ. ರಾಶಿಯ ಮೇಲೆ ಕಾಲು ಚಾಚಿ ಕೂತು ಕೊನೆಯ ಅಧ್ಯಾಯ ಓದು, ನಾನು ಹೊಲಿಯುತ್ತಾ ಕೇಳುತ್ತೇನೆ. ಈ ಸಲ ಅಚ್ಚಿನಲ್ಲಿರುವುದನ್ನೇ ಓದು.