ಲೈನ್ ಬಿಡಬೇಡಿ

ಭಾನುವಾರ, ಮಾರ್ಚ್ 9

ಅಮ್ಮಾ,

ಹತ್ತು ದಿನದಿಂದ ನೀನು ಯಾರ ಫೋನನ್ನೂ ಎತ್ತುತ್ತಿಲ್ಲ, ನನ್ನದನ್ನೂ. ಅದಕ್ಕೇ ಈ ಕಾಗದ. ಸಿಟ್ಟು ಬಂದರೂ ಕೊನೆಯವರೆಗೆ ಓದು.

ಅಪ್ಪ ಬಂದವರೆದುರೆಲ್ಲ ಆಡಿಕೊಳ್ಳುತ್ತಿದ್ದಾರಂತೆ: "ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕೂತೋಳು, ಒಂದು ಹಲೋಗೇ ಯಾರು ಅಂತ ಹೇಳ್ತಿದ್ದೋಳು, ಕಳ್ಳನಿಗೆ ಓಟಿಪಿ ಓದಿ ಹೇಳಿದ್ಲು ನೋಡಿ." ನೀನು ತಲೆ ತಗ್ಗಿಸಿ ಹೂಂ ಎನ್ನುತ್ತೀಯಂತೆ. ಅಕ್ಕ ಹೇಳಿದಳು. ನೀನು ಅವಳಿಗೆ ಹೇಳಿದ್ದನ್ನೂ ಹೇಳಿದಳು: "ಅವನು ಬ್ಯಾಂಕಿನೋನ ಥರ ಮಾತಾಡ್ಲಿಲ್ಲ ಕಣೆ, ಮನೆಯೋನ ಥರ ಮಾತಾಡಿದ. ಗಾಬರಿ ಆಗ್ಬೇಡಿ, ಒಂದು ಗುಟುಕು ನೀರು ಕುಡೀರಿ, ಲೈನ್ ಬಿಡ್ಬೇಡಿ, ನಾನು ಇಲ್ಲೇ ಇದೀನಿ ಅಂದ."

ಆ ಮಾತು ನಿನ್ನದೇ ಅಮ್ಮಾ. ಆಸ್ಪತ್ರೆಗೋ ಸಾವಿನ ಮನೆಗೋ ಲೈನ್ ಸಿಗದೆ ಒದ್ದಾಡುವವರಿಗೆ ನೀನು ಹೇಳುತ್ತಿದ್ದದ್ದು. ಶಾಲೆ ಬಿಟ್ಟ ಮೇಲೆ ನಿನ್ನ ಸ್ಟೂಲಿನ ಪಕ್ಕ ಕೂತು, ಇಂಗ್ಲಿಷ್ ಪದ್ಯ ಉರು ಹೊಡೆಯುತ್ತಾ ನಾನು ಕೇಳಿಸಿಕೊಂಡದ್ದು. ಅದನ್ನು ಆ ಕಳ್ಳರಿಗೆ ಕೊಟ್ಟವಳು ನಾನು.

ಆರು ತಿಂಗಳ ಹಿಂದೆ ಒಂದು ಕಂಪನಿ ನನಗೆ ಅನುವಾದದ ಕೆಲಸ ಕೊಟ್ಟಿತು. ಫೋನಿನಲ್ಲಿ ಗ್ರಾಹಕರ ಜೊತೆ ಹೇಗೆ ಮಾತಾಡಬೇಕು ಎಂಬ ತರಬೇತಿಗೆ ಎಂದರು. ನಾನು ಮಾಡಿದ್ದು ಒಣಕಲಾಗಿದೆ, ಮನೆಮಾತಿನ ಹಾಗಿರಲಿ ಎಂದು ವಾಪಸ್ ಕಳಿಸಿದರು. ನನ್ನ ಭಾಷೆಯನ್ನು ಯಾರಾದರೂ ಒಣಕಲು ಎಂದರೆ ನನಗೆ ಎಲ್ಲಿ ಚುಚ್ಚುತ್ತದೆ ಎಂದು ನಿನಗೆ ಗೊತ್ತು. ಹಟಕ್ಕೆ ಬಿದ್ದು ನಿನ್ನ ಮಾತು ಹಾಕಿದೆ. ಭೇಷ್ ಎಂದರು.

ಅದರಲ್ಲಿ "ಮನೆಯವರಿಗೆ ಹೇಳಬೇಡಿ" ಎಂಬ ಸಾಲೂ ಇತ್ತು. ಯಾಕೆಂದು ಕೇಳಿದೆ. "ಪ್ರೈವೆಸಿ ಮೇಡಂ" ಎಂದರು. ನಾನು ಅದನ್ನು ಅಳಿಸಿ, "ಸುಮ್ಮನೆ ಅವರಿಗೂ ಯಾಕೆ ಗಾಬರಿ" ಎಂದು ನಯ ಮಾಡಿಕೊಟ್ಟೆ. ನನಗೆ ಗೊತ್ತಿರಲಿಲ್ಲವೇ? ಗೊತ್ತಾಗುವುದು ಬೇಡವೆಂದು ಇದ್ದೆನೇ? ಈಗ ಆ ಸಾಲು ನೆನಪಾದರೆ ತುತ್ತಿನಲ್ಲಿ ಯಾರದೋ ಕೂದಲು ಸಿಕ್ಕಿದ ಹಾಗಾಗುತ್ತದೆ. ಉಗುಳಿದರೂ ಹೋಗುವುದಿಲ್ಲ. ಆ ಕಳ್ಳನ ಮೇಲೆ ಇಷ್ಟು ಹೇಸಿಗೆಯಿಲ್ಲ. ಅವನು ಕದ್ದ. ನಾನು ಬೀಗದ ಕೈಗೆ ಎಣ್ಣೆ ಸವರಿ ಕೊಟ್ಟೆ.

ನಿನ್ನ ಕಿವಿ ಕೆಟ್ಟಿಲ್ಲ. ಅದು ನಿನ್ನ ಮಾತನ್ನೇ ಗುರುತು ಹಿಡಿಯಿತು, ಅಷ್ಟೆ. ಅಪ್ಪನಿಗೂ ಇದನ್ನು ಗಟ್ಟಿಯಾಗಿ ಓದಿ ಹೇಳು. ಆಡಿಕೊಳ್ಳುವುದಿದ್ದರೆ ಇನ್ನು ನನ್ನನ್ನು ಆಡಿಕೊಳ್ಳಲಿ. ಆ ಕಂಪನಿಯವರ ಮೇಲ್‌ಗಳನ್ನೆಲ್ಲ ಪ್ರಿಂಟ್ ಮಾಡಿದ್ದೇನೆ. ನಾಳೆ ಪೊಲೀಸರಿಗೆ ಕೊಡುತ್ತೇನೆ, ನನ್ನ ಹೆಸರೂ ಸೇರಿದ ಹಾಗೆ.

ನಿನ್ನ ಚಿಕ್ಕವಳು

ಮೇಲೆ ಬರೆಯಲು ಧೈರ್ಯ ಬಾರದ ಮಾತು: ಆ ಕಂಪನಿಯವರಿಗೆ ಫೋನಿನ ಇನ್ನೊಂದು ಮಾತುಕತೆಯನ್ನೂ ಬರೆದುಕೊಟ್ಟಿದ್ದೇನೆ. ಅದರಲ್ಲಿ ಗೊತ್ತಿಲ್ಲದ ನಂಬರಿನಿಂದ ಮಗಳೊಬ್ಬಳು ಅಳುತ್ತಾಳೆ: "ಅಮ್ಮಾ, ನಾನು ಕಣಮ್ಮ, ಫೋನ್ ಕಳಕೊಂಡೆ, ಬೈಬೇಡ." ಥೇಟ್ ನನ್ನ ಹಾಗೇ ಕೇಳಿಸುತ್ತದೆ. ಆ ಕರೆ ಬಂದರೆ ಲೈನ್ ಬಿಟ್ಟುಬಿಡು. ಆಮೇಲೆ ನಿನಗೆ ಬಾಯಿಪಾಠವಿರುವ ನನ್ನ ನಂಬರಿಗೆ ನೀನೇ ಮಾಡು. ಎತ್ತುತ್ತೇನೆ.