ಕತ್ತರಿಸಿ ಎಸೆದ ಇಪ್ಪತ್ತೆರಡು ನಿಮಿಷ

ವಿಡಿಯೋ ತರಬೇತಿ ವಿಭಾಗದ ಮುಖ್ಯಾಧಿಕಾರಿಗಳೇ,

ಲೈನ್‌ಮನ್ ಕೆಲಸ ಕಲಿಸುವ ನಿಮ್ಮ ಆರನೆಯ ವಿಡಿಯೋ ಪಾಠದಲ್ಲಿ ಇಪ್ಪತ್ತೆರಡು ನಿಮಿಷ ಕಾಣೆಯಾಗಿವೆ. ಅದೇ ಪಾಠ ನೋಡಿ ಪಾಸಾದ ಮುನ್ನೂರ ನಲವತ್ತು ಜನ ಬರುವ ಸೋಮವಾರ ಕರೆಂಟಿನ ಕಂಬ ಹತ್ತಲಿದ್ದಾರೆ. ಅವರಲ್ಲಿ ಒಬ್ಬಳು ನನ್ನ ಮಗಳು ಶೈನಿ. ನನಗೆ ಹೆದರಿಕೆಯಾಗಿದೆ. ಹೆದರಿಕೆಗೆ ನಿಮ್ಮ ಅರ್ಜಿ ನಮೂನೆಯಲ್ಲಿ ಕಾಲಂ ಇಲ್ಲದ್ದರಿಂದ ಹೀಗೆ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ವಿಡಿಯೋ ವಿರೋಧಿಯಲ್ಲ. ಕೇಶ್ವಾಪುರದಲ್ಲಿ ಇಪ್ಪತ್ತಾರು ವರ್ಷಗಳಿಂದ ಸುಟ್ಟ ಮೋಟಾರುಗಳಿಗೆ ವೈಂಡಿಂಗ್ ಮಾಡುತ್ತೇನೆ. ಹೊಸ ಪಂಪುಗಳ ಹೊಟ್ಟೆಯಲ್ಲಿ ಏನಿದೆ ಎಂದು ಕಲಿತದ್ದು ವಿಡಿಯೋ ನೋಡಿಯೇ. ಬಂದ ಪ್ರತಿ ಮೋಟಾರು ಯಾಕೆ ಸುಟ್ಟಿತು ಎಂದು ಪುಸ್ತಕದಲ್ಲಿ ಬರೆದಿಡುವ ಚಟ ನನಗಿದೆ. ಹನ್ನೊಂದು ಪುಸ್ತಕ ತುಂಬಿವೆ. ಅವುಗಳಲ್ಲಿ ಅತಿ ಹೆಚ್ಚು ಸಲ ಬರೆದ ಕಾರಣ: ಅವಸರ.

ಕಳೆದ ರವಿವಾರ ಚರ್ಚಿನಿಂದ ಬಂದವಳೇ ಶೈನಿ ಅಂಗಡಿಯ ನಿಚ್ಚಣಿಕೆಯನ್ನೇ ಕಂಬ ಮಾಡಿಕೊಂಡು ಪಾಠ ಒಪ್ಪಿಸಿದಳು. ಸಬ್‌ಸ್ಟೇಷನ್ನಿಗೆ ಮಾಡಿದವಳಂತೆ ಫೋನ್ ಕಿವಿಗಿಟ್ಟು "ಲೈನ್ ಬಂದ್ ಮಾಡ್ರಿ" ಅಂದಳು. ಫೋನ್ ಕಿಸೆಗೆ ಹೋಯಿತು, ಕಾಲು ನಿಚ್ಚಣಿಕೆಯ ಮೇಲೆ.

"ತಡೀಯವಾ, ಅತ್ತಾಗಿಂದ ಏನಂದ್ರು?"

"ಯಾರು?"

"ಬಂದ್ ಮಾಡೂವ್ರು."

"ವಿಡಿಯೋದಾಗ ಯಾರೂ ಏನೂ ಅನ್ನೂದಿಲ್ಲ, ಪಪ್ಪಾ. ಫೋನ್ ಇಡತಾರ, ಹತ್ತತಾರ. ಪರೀಕ್ಷಾದಾಗೂ ಹಂಗಽ ಕೇಳಿದ್ರು. ನೂರಕ್ಕ ನೂರು ಬಿದ್ದಾವು ನನಗ. ನಿನಗ ಎಷ್ಟು ಬಿದ್ದಿದ್ವು?"

"ನನಗ ಎರಡು ಶಾಕ್ ಬಿದ್ದಿದ್ವು. ತಗಿ ಆ ವಿಡಿಯೋ."

ನೋಡಿದೆ. ಕಂಬದ ಬುಡದಲ್ಲಿ ಮಾಸ್ತರು ಫೋನ್ ಮಾಡುವಾಗ ಅವರ ಸಾಮಾನಿನ ಚೀಲದ ಮೇಲೆ ಕಂಬದ ನೆರಳಿತ್ತು. ಮರುಕ್ಷಣ ಅವರು ಕಂಬದ ಮೇಲೆ, ಚೀಲ ಬಿಸಿಲಲ್ಲಿ. ಚೀಲ ಇದ್ದಲ್ಲೇ ಇದೆ. ಒಂದು ಕ್ಷಣದಲ್ಲಿ ನೆರಳು ಒಂದು ಗೇಣು ಸರಿಯುವ ಊರು ಹುಬ್ಬಳ್ಳಿಯಂತೂ ಅಲ್ಲ.

ಪಾಠ ಮಾಡಿದವರು ನಿವೃತ್ತ ಲೈನ್‌ಮನ್ ಮಕಬೂಲಸಾಬ. ಗೋಪನಕೊಪ್ಪದ ಅವರ ಮನೆಗೇ ಹೋದೆ. ತಾವು ಕೊಟ್ಟ ಪಾಠ ಪರದೆಯ ಮೇಲೆ ಏನಾಗಿದೆ ಎಂದು ಅವರು ಅದುವರೆಗೆ ನೋಡಿರಲಿಲ್ಲ. ನೋಡಿದವರೇ ಫೋನನ್ನು ನನ್ನ ಕೈಗೆ ತಿರುಗಿ ಕೊಟ್ಟರು.

"ಸೈಮನ್, ನಾ ಅಲ್ಲಿ ಇಪ್ಪತ್ತೆರಡು ನಿಮಿಷ ನಿಂತಿದ್ನೋ. ಬಂದ್ ಆತು ಅಂತ ಅತ್ತಾಗಿಂದ ತಿರುಗಿ ಫೋನ್ ಬರೂತನಕ ಕಂಬಾ ಮುಟ್ಟಂಗಿಲ್ಲ. ಕ್ಯಾಮೆರಾದವ್ರು 'ಕಾಕಾ, ಸುಮ್ಮನ ನಿಂತ್ರ ಹೆಂಗ, ಏನರೆ ಮಾತಾಡ್ರಿ' ಅಂದ್ರು. 'ಇಲ್ಲಿ ಮಾತಿಲ್ಲಪಾ, ಇಲ್ಲಿ ಕಾಯೂದಽ ಪಾಠ' ಅಂದೆ. ಅಷ್ಟೂ ತಗದಾರಲ್ಲೋ!"

ಮೂವತ್ನಾಲ್ಕು ವರ್ಷ ಕಂಬ ಹತ್ತಿ, ಎರಡೂ ಕೈ ಉಳಿಸಿಕೊಂಡು ಇಳಿದ ಮನುಷ್ಯ.

ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಒಬ್ಬರು ಬಹಳ ಸೌಜನ್ಯದಿಂದ ವಿವರಿಸಿದರು: "ಆ ಜಾಗಾದಾಗ ಮಂದಿ ನೋಡೂದ ಬಿಟ್ಟು ಹೋಗ್ತಾರ್ರಿ. ಪಾಠ ಹನ್ನೆರಡು ನಿಮಿಷದ ಒಳಗಿರಬೇಕು ಅಂತ ನಿಯಮ ಐತ್ರಿ." ತಂತಿಯಲ್ಲಿ ಕರೆಂಟ್ ನಿಜಕ್ಕೂ ನಿಂತಿದೆಯೇ ಎಂದು ಪರೀಕ್ಷಾ ಕೋಲು ಹಚ್ಚಿ ಖಾತ್ರಿ ಮಾಡಿಕೊಳ್ಳುವ ಪಾಠ ಎಲ್ಲಿ ಎಂದು ಕೇಳಿದೆ. ಅದು ಏಳನೆಯದಂತೆ, ಶೀಘ್ರದಲ್ಲೇ ಬರಲಿದೆಯಂತೆ. ಶೀಘ್ರ ಅಂದರೆ ಸೋಮವಾರಕ್ಕಿಂತ ಮೊದಲೋ, ಆಮೇಲೋ?

ಮಾನ್ಯರೇ, ನೋಡುಗ ಬೇಸರದಿಂದ ಪಾಠ ಬಿಟ್ಟುಹೋದರೆ ನಿಮ್ಮ ಅಂಕಿಅಂಶ ಕೆಡುತ್ತದೆ, ಒಪ್ಪಿದೆ. ಅದೇ ನೋಡುಗ ಕಂಬದ ಮೇಲಿಂದ ಬಿಟ್ಟುಹೋದರೆ ಯಾವ ಅಂಕಿ ಕೆಡುತ್ತದೆ? ಕಾಯುವುದನ್ನೇ ಕತ್ತರಿಸಿ, ಉಳಿದದ್ದನ್ನು ತೋರಿಸಿ, ಉಳಿದದ್ದರ ಮೇಲೇ ಪ್ರಶ್ನೆ ಕೇಳಿ ನೂರಕ್ಕೆ ನೂರು ಕೊಡುವುದಕ್ಕೆ ಏನೆನ್ನಬೇಕು? ತರಗತಿಯಲ್ಲಾದರೆ ಮಕಬೂಲಸಾಬರು ಕಾಯುವಾಗ ಮಕ್ಕಳೂ ಬಿಸಿಲಲ್ಲಿ ಕಾಯುತ್ತಿದ್ದರು, ಬೈದುಕೊಳ್ಳುತ್ತಲೇ ಕಲಿಯುತ್ತಿದ್ದರು. ಶೈನಿ ತನ್ನ ಗುಂಪಿನ ಹನ್ನೊಂದು ಜನರಿಗೆ ಫೋನ್ ಮಾಡಿ, ಲೈನ್ ಬಂದ್ ಮಾಡಲು ಹೇಳಿದ ಮೇಲೆ ಏನು ಮಾಡಬೇಕು ಎಂದು ಕೇಳಿದಳು. ಹನ್ನೊಂದೂ ಜನ ತಡಮಾಡದೆ ಹೇಳಿದ ಉತ್ತರ ಒಂದೇ: "ಹತ್ತೂದು."

ನನ್ನ ಬೇಡಿಕೆ ಸಣ್ಣದು. ಆ ಇಪ್ಪತ್ತೆರಡು ನಿಮಿಷವನ್ನು ಇದ್ದಹಾಗೇ, ಸಂಗೀತ ಸೇರಿಸದೆ, ಯಾರೂ ಹಾರಿಸಿ ಮುಂದೆ ಹೋಗದಂತೆ ಪಾಠಕ್ಕೆ ಮರಳಿಸಿ. ಮುನ್ನೂರ ನಲವತ್ತೂ ಜನ ಅದನ್ನು ನೋಡಿ, ಮಕಬೂಲಸಾಬರಂಥ ಒಬ್ಬರ ಎದುರು ಕಾದು ತೋರಿಸುವವರೆಗೆ ಒಬ್ಬರನ್ನೂ ಕಂಬದ ಹತ್ತಿರ ಬಿಡಬೇಡಿ. ಸೋಮವಾರವನ್ನು ಮುಂದಕ್ಕೆ ಹಾಕಿ.

ಮಗಳಿಗೆ ಹೇಳಿದ್ದೀಯಲ್ಲ, ಅವಳು ಕಾಯುತ್ತಾಳೆ, ನಿನಗಿನ್ನೇನು ಚಿಂತೆ ಎನ್ನಬಹುದು. ಹೌದು, ಕಾಯುತ್ತಾಳೆ. ತಿರುಗಿ ಫೋನೂ ಬರುತ್ತದೆ, "ಬಂದ್ ಆಗೇತಿ, ಹತ್ರಿ" ಎಂದು. ಆದರೆ ಅತ್ತ ಸ್ವಿಚ್ಚಿನ ಬಳಿ ಕೂತು ಹಾಗೆ ಹೇಳುವವರೂ ನಿಮ್ಮ ವಿಡಿಯೋ ನೋಡಿಯೇ ಪಾಸಾದವರು. ಅವರ ಪಾಠದಿಂದ ಏನನ್ನು ಕತ್ತರಿಸಿದ್ದೀರಿ?

ಇಂತಿ,
ನಿಮ್ಮ ಕಡೆಯಿಂದ ತಿರುಗಿ ಫೋನ್ ಬರುವುದನ್ನೇ ಕಾಯುತ್ತಿರುವ
ಸೈಮನ್, ಶೈನಿಯ ತಂದೆ
ಮೋಟಾರ್ ವೈಂಡಿಂಗ್ ಅಂಗಡಿ, ಕೇಶ್ವಾಪುರ, ಹುಬ್ಬಳ್ಳಿ