ಎಲ್ಲರಿಗೂ ಬಂದ ಸಂದೇಶ

ತ್ರಿವೇಣಿಗೆ,

ದರ ಎಷ್ಟೆಂದು ಯಾರೂ ಮತ್ತೆ ಮತ್ತೆ ಕೇಳಬೇಕಾಗಿಲ್ಲ, ಒಮ್ಮೆ ಒಪ್ಪಿಗೆ ಕೊಟ್ಟರೆ ಸರ್ವರ್ ಕಂಪ್ಯೂಟರೇ ತಾನಾಗಿ ಸುದ್ದಿ ಕಳಿಸುತ್ತದೆ ಎಂದೇನೋ ನೀನು ಹೇಳಿದ್ದೆ. ನಮಗೆ ಮಾವಿನ ತೋಟವಿಲ್ಲ. ಆದರೂ ಶ್ರೀನಿವಾಸಪುರದ ಮಂಡಿಯಿಂದ ನೀನು ಬೆಳೆಗಾರರಿಗೆಲ್ಲ ಕಳಿಸುವ ದರ ಮಾಲೂರಿನ ನನ್ನ ಆಫೀಸಿನ ಕಂಪ್ಯೂಟರಿಗೂ ಬರುವಂತೆ ಮಾಡಿಕೊಂಡಿದ್ದೇನೆ.

ನಿನ್ನೆ ಬಾದಾಮಿ ಮಾವಿನ ದರದ ಹಿಂದೆಯೇ ನಿನ್ನ ಸಂದೇಶವೊಂದು ಬಂತು: "ಊಟ ಆಯ್ತಾ? ಇನ್ನೂ ಕೋಪಾನಾ?"

"ಆಯ್ತು" ಎಂದೆ, ಜೋರಾಗಿಯೇ.

"ಏನ್ ಸಾರ್, ಕಂಪ್ಯೂಟರ್‌ಗೆ ಉತ್ತರ ಕೊಡ್ತಿದ್ದೀರಾ?" ಎಂದು ಪಕ್ಕದ ಮೇಜಿನ ವೆಂಕಟರಮಣಪ್ಪ ನಕ್ಕರು. ಅಷ್ಟರಲ್ಲಿ ಇನ್ನೊಂದು ಬಂತು: "ಕ್ಷಮಿಸಿ, ಒಬ್ಬರಿಗೆ ಕಳಿಸಿದ್ದು ತಪ್ಪಾಗಿ ಎಲ್ಲರಿಗೂ ಹೋಗಿದೆ."

ಗಂಡ ಹೆಂಡತಿ ನಾವು ಈಚೆಗೆ ಜಗಳವಾಡಿಲ್ಲ. ಅದಕ್ಕೆ ಬೇಕಾಗುವಷ್ಟು ಮಾತನ್ನೂ ಆಡಿಲ್ಲ. ಭಾನುವಾರ ಮನೆಗೆ ಬರುವಾಗ ಕುಕ್ಕರಿನ ಗ್ಯಾಸ್ಕೆಟ್ ತಾ. ಅನ್ನ ಸರಿಯಾಗಿ ಬೇಯುತ್ತಿಲ್ಲ.

ಅಂದ ಹಾಗೆ, ಆ ಒಬ್ಬರ ಊಟ ಆಯಿತೇ?

ಶಿವಕುಮಾರ್